ನೇಗಿಲಿಗೆ ಹಿಂದಿ ಬರುತ್ತೆ, ಇಂಗ್ಲಿಷ್ ಬರುತ್ತೆ... ಕನ್ನಡ ಯಾಕೆ ಬರೋದಿಲ್ಲ?



ನವೆಂಬರ್ ಒಂದರಂದು ಕೆಂಪು ಹಳದಿ ಬಾವುಟ ಕಟ್ಟಿಕೊಂಡು ಬೈಕಿನಲ್ಲಿ ಊರು ಸುತ್ತಿ, ಸಂಜೆ ಆರ್ಕೆಸ್ಟ್ರಾ ಮುಂದೆ ಕುಣಿದು ಬಂದವರಿಗೆ ಒಂದು ಪ್ರಶ್ನೆ ಕೇಳುತ್ತೇನೆ. ಸಿಟ್ಟು ಮಾಡಿಕೊಳ್ಳಬೇಡಿ. ಆ ಮೆರವಣಿಗೆಯಲ್ಲಿ ನಾನೂ ಇದ್ದೆ. ಬಾವುಟಕ್ಕೆ ಹಾಕಿದ ಬ್ಯಾನರು ಅಚ್ಚಾದದ್ದೂ ನನ್ನ ಪ್ರೆಸ್ಸಿನಲ್ಲೇ. ಪ್ರಶ್ನೆ ಇಷ್ಟೇ: ನೇಗಿಲು ಯಾರ ಭಾಷೆಯದ್ದು?

ಇದೆಂಥ ಪ್ರಶ್ನೆ, ನಮ್ಮದೇ ಅಂತೀರಿ. ಕುವೆಂಪು ಅವರ ನೇಗಿಲಯೋಗಿಯ ಹಾಡು ನಮ್ಮ ನಾಡಿನ ರೈತಗೀತೆ. ಸರ್ಕಾರಿ ಸಭೆಗಳಲ್ಲಿ ಎದ್ದು ನಿಂತು ಹಾಡುತ್ತಾರೆ. ಸರಿ, ಹಾಡಿನಲ್ಲಿ ನೇಗಿಲು ಕನ್ನಡದ್ದೇ. ಆದರೆ ಹೊಲದಲ್ಲಿ?

ಹೊಲದಲ್ಲಿ ಅದು ಕನ್ನಡದ್ದಲ್ಲ. ಅಲ್ಲಿ ಅದಕ್ಕೆ ಹಿಂದಿ ಬರುತ್ತೆ, ಇಂಗ್ಲಿಷ್ ಬರುತ್ತೆ. ಕನ್ನಡ ಮಾತ್ರ ಬರೋದಿಲ್ಲ. ಇದು ನನಗೆ ಗೊತ್ತಾಗಬೇಕಾದರೆ ನಮ್ಮ ಮನೆಯ ಒಬ್ಬ ಹುಡುಗ ಎರಡು ಕಾಲ್ಬೆರಳು ಕಳೆದುಕೊಳ್ಳಬೇಕಾಯಿತು.

ಗುಜರಿಯಿಂದ ಬಂದ ನೇಗಿಲು

ನಮ್ಮೂರು ಶಿರಾ ತಾಲ್ಲೂಕಿನಲ್ಲಿದೆ. ಕೆಂಪು ನೆಲ, ಕಡಲೆಕಾಯಿ, ರಾಗಿ, ಮಳೆ ಬಂದರೆ ಬಂತು. ನಾನು ಪಿಯುಸಿ ಮುಗಿಸಿ ಬೆಂಗಳೂರಿಗೆ ಬಂದು ಅಚ್ಚುಕೂಟ ಸೇರಿದೆ, ಅಣ್ಣ ಹೊಲದಲ್ಲೇ ಉಳಿದ. ಅವನ ಹತ್ತಿರ 35 ಹಾರ್ಸ್‌ಪವರಿನ ಒಂದು ಸೆಕೆಂಡ್ ಹ್ಯಾಂಡ್ ಟ್ರಾಕ್ಟರಿದೆ. ಬಾಡಿಗೆ ನೇಗಿಲಿಗೆ ಕಾದು ಕಾದು ಹದ ತಪ್ಪುತ್ತಿತ್ತು. ಮಳೆ ಬಿದ್ದ ಮೂರನೇ ದಿನ ಉಳಬೇಕಾದ ನೆಲವನ್ನು ಎಂಟನೇ ದಿನ ಉತ್ತರೆ ಏನು ಪ್ರಯೋಜನ? ಹೆಂಟೆ ಏಳುತ್ತೆ ಅಷ್ಟೇ. ಅದಕ್ಕೇ ಗುಜರಿಯವನ ಹತ್ತಿರ ಎರಡು ಗುಳದ ಒಂದು ಹಳೇ ರೆಕ್ಕೆ ನೇಗಿಲನ್ನು ಕಬ್ಬಿಣದ ತೂಕಕ್ಕೆ ಕೊಂಡು ತಂದ. ಎಂ.ಬಿ. ಪ್ಲೋ ಅಂತ ಎಲ್ಲರೂ ಕರೆಯೋದು ಇದನ್ನೇ. ಮಣ್ಣನ್ನು ಕೊಯ್ದು ಪಕ್ಕಕ್ಕೆ ಮಗುಚಿ ಹಾಕುವ ನೇಗಿಲು.

ಬಂದಾಗ ಅದರ ಅವಸ್ಥೆ ಹೇಳತೀರದು. ರೆಕ್ಕೆಗೆ ಬೆರಳು ದಪ್ಪ ತುಕ್ಕು. ಗುಳಗಳ ಮೂತಿ ಸವೆದು ಮೊಂಡಾಗಿತ್ತು. ಹಿಂದಿನ ಗುಳದ ಕಾಲು ಯಾವಾಗಲೋ ಬಂಡೆಗೆ ಬಡಿದು ಸೊಟ್ಟಗಾಗಿತ್ತು. ಟಾಪ್ ಲಿಂಕಿನ ಪಿನ್ನು ಇರಬೇಕಾದ ಕಡೆ ಯಾರೋ ಒಂದು ಹಳೇ ಬೋಲ್ಟು ಸಿಗಿಸಿದ್ದರು. ಒಂದು ಮಾತ್ರ ನೆಟ್ಟಗಿತ್ತು, ಅದು ಸ್ಟಿಕ್ಕರು. ಫ್ರೇಮಿನ ಮೇಲೆ ಹಳದಿ ಬಣ್ಣದ ಸ್ಟಿಕ್ಕರಿನಲ್ಲಿ ಒಂದು ಕಡೆ ಹಿಂದಿ, ಇನ್ನೊಂದು ಕಡೆ ಇಂಗ್ಲಿಷ್. ಟ್ರಾಕ್ಟರಿನ ಜೊತೆ ಬಂದ ಕೈಪಿಡಿಯ ಕಥೆಯೂ ಅದೇ.

ಅಣ್ಣ ಫೋನಿನಲ್ಲಿ ಫೋಟೋ ತೆಗೆದು ನನಗೆ ಕಳಿಸಿದ. "ಲೋ, ನೀನು ಓದಿದವನು. ದಿನಾ ಅಕ್ಷರದ ಮಧ್ಯಾನೇ ಇರೋನು. ಇದರಲ್ಲಿ ಏನು ಬರೆದವ್ರೆ ನೋಡಿ ಹೇಳು" ಅಂದ. ನಾನು ಮಷೀನಿನ ಮುಂದಿದ್ದೆ, ಲಗ್ನಪತ್ರಿಕೆಯ ಅವಸರ. "ನಾಳೆ ನೋಡ್ತೀನಣ್ಣ" ಅಂದೆ.

ಆ ನಾಳೆ ಬರುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಅಣ್ಣನ ಮಗನಿಗೆ ಹತ್ತೊಂಬತ್ತು ವರ್ಷ. ಗುಳದ ಬೋಲ್ಟು ಬಿಚ್ಚಲು ನೇಗಿಲನ್ನು ಟ್ರಾಕ್ಟರಿಗೆ ಸಿಗಿಸಿ, ಹೈಡ್ರಾಲಿಕ್ಕಿನಿಂದ ಮೇಲೆತ್ತಿ, ಎಂಜಿನ್ ಆಫ್ ಮಾಡಿ ಕೆಳಗೆ ಕೂತ. ಎಂಜಿನ್ ನಿಂತಿದೆಯಲ್ಲ, ಇನ್ನೇನು ಭಯ ಅಂತ. ಪಕ್ಕದ ಮನೆಯ ಮಗು ಸೀಟಿನ ಮೇಲೆ ಹತ್ತಿ ಲಿವರ್ ಒತ್ತಿತು. ಎಂಜಿನ್ ಓಡದೇ ಇದ್ದರೂ ಲಿವರ್ ತಗ್ಗಿಸಿದರೆ ಎತ್ತಿದ ನೇಗಿಲು ತನ್ನ ಭಾರಕ್ಕೇ ಕೆಳಗಿಳಿಯುತ್ತೆ. ಎತ್ತಲು ಎಂಜಿನ್ ಬೇಕು, ಇಳಿಯಲು ಬೇಕಿಲ್ಲ. ನೇಗಿಲು ಇಳಿಯಿತು. ಎಡಗಾಲಿನ ಎರಡು ಬೆರಳು ಹೋದವು.

ಆಸ್ಪತ್ರೆಯಿಂದ ಬಂದ ಮೇಲೆ ಆ ಸ್ಟಿಕ್ಕರಿನ ಫೋಟೋವನ್ನು ದೊಡ್ಡದು ಮಾಡಿ ಓದಿದೆ. ಅದರಲ್ಲಿದ್ದದ್ದು ಅದೇ ಮಾತು! ಎತ್ತಿದ ಉಪಕರಣದ ಕೆಳಗೆ ಹೋಗಬೇಡಿ, ರಿಪೇರಿಗೆ ಮುಂಚೆ ನೆಲಕ್ಕಿಳಿಸಿ ಅಥವಾ ಗಟ್ಟಿಯಾದ ಆಸರೆ ಕೊಡಿ, ಹೈಡ್ರಾಲಿಕ್ ನಂಬಬೇಡಿ.

ಕನ್ನಡದಲ್ಲಿದ್ದಿದ್ದರೆ ಆ ಹುಡುಗನ ಬೆರಳು ಉಳಿಯುತ್ತಿತ್ತೇ? ಉಳಿಯುತ್ತಿತ್ತು ಅಂತ ಎದೆ ತಟ್ಟಿ ಹೇಳಲಾರೆ. ಓದಿಯೂ ಅಲಕ್ಷ್ಯ ಮಾಡುವವರಿದ್ದಾರೆ. ನನ್ನ ತಪ್ಪೂ ಇದೆ, ನಾನು 'ನಾಳೆ' ಅಂದೆ. ಆದರೆ ಆ ಹುಡುಗ ದಿನಾ ಪೇಪರಿನ ಪದಬಂಧ ತುಂಬಿಸುವವನು. ಕನ್ನಡದಲ್ಲಿ ಏನೇ ಸಿಕ್ಕಿದರೂ ಕೊನೇ ಸಾಲಿನವರೆಗೆ ಓದುವವನು. ಅವನ ಕಣ್ಣೆದುರು ಎರಡು ಅಡಿ ದೂರದಲ್ಲಿ ಅವನನ್ನು ಉಳಿಸಬಹುದಾದ ಮಾತು ಅಚ್ಚಾಗಿತ್ತು. ಓದುವ ಅವಕಾಶವನ್ನು ಮಾತ್ರ ಅವನಿಗೆ ಕೊಟ್ಟಿರಲಿಲ್ಲ. ಇದಕ್ಕೆ ಯಾರು ಜವಾಬ್ದಾರಿ ಸ್ವಾಮಿ?

"ಚಿಕ್ಕಪ್ಪ, ಕಪ್ಪೆ ಎಲ್ಲಿದೆ?"

ಅವನ ಕಾಲು ಮಾಯುತ್ತಿದ್ದಾಗ ನಾನು ಹದಿನೈದು ದಿನ ಊರಲ್ಲಿದ್ದೆ. ನೇಗಿಲು ಹಾಗೇ ಬಿದ್ದಿತ್ತು. ಅಣ್ಣ ಅದರ ಕಡೆ ನೋಡುತ್ತಲೂ ಇರಲಿಲ್ಲ. ಮಂಚದ ಮೇಲಿದ್ದ ಹುಡುಗನೇ ಹಠ ಹಿಡಿದ: "ಮಳೆ ಬರೋದ್ರೊಳಗೆ ಇದನ್ನ ಸರಿ ಮಾಡ್ಲೇಬೇಕು ಚಿಕ್ಕಪ್ಪ. ಇಲ್ದಿದ್ರೆ ನನ್ನ ಬೆರಳಿಗೆ ಬೆಲೆ ಏನು ಬಂತು?"

ಪಟ್ಟಣದಿಂದ ಇಂಗ್ಲಿಷ್ ಕೈಪಿಡಿಯೊಂದನ್ನು ತರಿಸಿದೆವು. ನಾನು ನಿಘಂಟು ಹಿಡಿದು ಕೂತೆ. 'ಶೇರ್' ಅಂತಿತ್ತು. ನಿಘಂಟಿನಲ್ಲಿ ನೋಡಿದರೆ 'ಪಾಲು'. ನೇಗಿಲಿಗೆ ಪಾಲುದಾರಿಕೆ ಎಲ್ಲಿಂದ ಬಂತು! ಚಿತ್ರ ನೋಡಿದ ಮೇಲೆ ಗೊತ್ತಾಯಿತು, ನಮ್ಮ ತಾತ ಮುತ್ತಾತಂದಿರು 'ಗುಳ' ಅಂದದ್ದೇ ಅದು. ಮುಂದೆ 'ಫ್ರಾಗ್' ಅಂತಿತ್ತು. ಹುಡುಗ ಮಂಚದ ಮೇಲಿಂದಲೇ ನಕ್ಕ, "ಚಿಕ್ಕಪ್ಪ, ನೇಗಿಲಲ್ಲಿ ಕಪ್ಪೆ ಎಲ್ಲಿದೆ?" ಗುಳ, ರೆಕ್ಕೆ, ಪಕ್ಕದ ಪಟ್ಟಿ ಈ ಮೂರನ್ನೂ ಒಟ್ಟಿಗೆ ಹಿಡಿದಿಡುವ ನಡುವಿನ ತುಂಡೇ ಆ ಕಪ್ಪೆ.

ಇದರಲ್ಲೊಂದು ಪಾಠವಿದೆ, ಕೇಳಿ. ಯಂತ್ರದ ತುಂಡಿಗೆ ಕಪ್ಪೆ ಅಂತ ಹೆಸರಿಡಲು ಇಂಗ್ಲಿಷರು ನಾಚಲಿಲ್ಲ. ತಮ್ಮ ಕೆರೆಕಟ್ಟೆಯ ಮಾತನ್ನೇ ಕಬ್ಬಿಣಕ್ಕೆ ಅಂಟಿಸಿದರು. ನಮ್ಮ ಪಂಡಿತರಿಗೆ ಮಾತ್ರ ಹಳ್ಳಿಯ ಮಾತು ಅಂದರೆ ಅಲರ್ಜಿ. ಕೈಪಿಡಿ ಕನ್ನಡಕ್ಕೆ ಬರಬೇಕು ಅಂದ ಕೂಡಲೇ 'ಊರ್ಧ್ವ ಸಂಯೋಜಕ ದಂಡ' ಅಂತ ಶುರು ಮಾಡುತ್ತಾರೆ. ಅದು ಟಾಪ್ ಲಿಂಕ್ ಸ್ವಾಮಿ! ಅದನ್ನು ಟಾಪ್ ಲಿಂಕ್ ಅಂತಲೇ ಬರೆಯಿರಿ, ಇಲ್ಲವೇ ಮೇಲಿನ ಕೈ ಅನ್ನಿ. ರೈಲು, ಬಸ್ಸು, ಬೋಲ್ಟು, ನಟ್ಟು ಎಲ್ಲವನ್ನೂ ಅರಗಿಸಿಕೊಂಡ ಭಾಷೆ ನಮ್ಮದು. ಒಂದು ಲಿಂಕಿನಿಂದ ಕನ್ನಡಕ್ಕೆ ಮೈಲಿಗೆಯಾಗುವುದಿಲ್ಲ. ನನ್ನ ಜಗಳ ನಾಮಪದದ ಮೇಲಲ್ಲ, ವಾಕ್ಯದ ಮೇಲೆ. 'ಟಾಪ್ ಲಿಂಕ್ ಗಿಡ್ಡ ಮಾಡಿದರೆ ಗುಳದ ಮೂತಿ ಕೆಳಗೆ ಬಾಗುತ್ತದೆ' ಎಂಬ ವಾಕ್ಯ ಕನ್ನಡದಲ್ಲಿ ಬೇಕು. ಅಷ್ಟೇ ನಾವು ಕೇಳುತ್ತಿರೋದು.

ಕನ್ನಡದಲ್ಲಿ ಆಗೋದಿಲ್ಲ ಅನ್ನೋರಿಗೆ

"ಟೆಕ್ನಿಕಲ್ ವಿಷಯ ಕನ್ನಡದಲ್ಲಿ ಹೇಳೋಕಾಗಲ್ಲ ಸಾರ್" ಅನ್ನುವ ಸೂಟುಬೂಟಿನವರು ನನ್ನ ಪ್ರೆಸ್ಸಿಗೂ ಬರುತ್ತಾರೆ. ಅವರಿಗೆ ಉತ್ತರ ಇಲ್ಲೇ ಕೊಡುತ್ತೇನೆ. ಆ ಹಳೇ ನೇಗಿಲನ್ನು ನಾವು ಹೇಗೆ ಸರಿ ಮಾಡಿದೆವು ಅನ್ನೋದನ್ನು ಬರೆಯುತ್ತೇನೆ, ಓದಿ. ಕನ್ನಡ ಎಲ್ಲಾದರೂ ಎಡವಿತೇ ಹೇಳಿ.

ಮೊದಲು ನೇಗಿಲನ್ನು ನೆಲಕ್ಕಿಳಿಸಿ ಮರದ ದಿಮ್ಮಿಗಳ ಮೇಲೆ ಕೂರಿಸಿದೆವು. ಟ್ರಾಕ್ಟರಿನಿಂದ ಪೂರ್ತಿ ಬಿಡಿಸಿದೆವು. ಪಾಠ ಕಲಿತಿದ್ದೆವಲ್ಲ. ತುಕ್ಕು ಹಿಡಿದ ಬೋಲ್ಟುಗಳಿಗೆ ಡೀಸೆಲ್ ಬಿಟ್ಟು ಒಂದು ರಾತ್ರಿ ನೆನೆಸಿದೆವು. ಬಗ್ಗದವಕ್ಕೆ ವೆಲ್ಡಿಂಗ್ ಅಂಗಡಿಯ ಭಾಯಿ ಗ್ಯಾಸಿನಲ್ಲಿ ಶಾಖ ಕೊಟ್ಟ. ಮನೆಯಲ್ಲಿ ಉರ್ದು ಆಡುವ ಆ ಮನುಷ್ಯ ಕೆಲಸದ ಮಾತು ಪೂರಾ ಕನ್ನಡದಲ್ಲೇ ಆಡುತ್ತಾನೆ. ಸೂಟುಬೂಟಿನವರು ಒಂದು ಗಂಟೆ ಅವನ ಅಂಗಡಿಯಲ್ಲಿ ನಿಂತರೆ ಕನ್ನಡದ ತಾಂತ್ರಿಕ ನಿಘಂಟು ಪುಕ್ಕಟೆ ಸಿಗುತ್ತೆ.

ಆಮೇಲೆ ಸೊಟ್ಟ ನೋಡಿದೆವು. ಮುಂದಿನ ಗುಳದ ಮೂತಿಯಿಂದ ಫ್ರೇಮಿಗೆ ಎಷ್ಟು ಎತ್ತರವಿದೆಯೋ ಹಿಂದಿನ ಗುಳದ್ದೂ ಅಷ್ಟೇ ಇರಬೇಕು. ದಾರ ಹಿಡಿದು ಅಳೆದರೆ ಹಿಂದಿನದು ಒಂದೂವರೆ ಇಂಚು ಮೇಲೆ! ಇಂಥ ನೇಗಿಲಿನಲ್ಲಿ ಉತ್ತರೆ ಒಂದು ಸಾಲು ಆಳ, ಪಕ್ಕದ ಸಾಲು ತೇಲು. ಹೊಲವೆಲ್ಲ ಮೆಟ್ಟಿಲು. ಭಾಯಿ ಕಾಲನ್ನು ಬಿಚ್ಚಿ, ಕಾಯಿಸಿ, ಹಂತ ಹಂತವಾಗಿ ನೆಟ್ಟಗೆ ಮಾಡಿದ.

ಗುಳ ಸವೆದರೆ ಬರೀ ಚೂಪು ಹೋಗುವುದಿಲ್ಲ, ನೆಲಕ್ಕಿಳಿಯುವ ಗುಣವೇ ಹೋಗುತ್ತೆ. ಹೊಸ ಗುಳವನ್ನು ಪಕ್ಕದ ಪಟ್ಟಿಯ ಜೊತೆ ಸಮತಟ್ಟಾದ ನೆಲದ ಮೇಲಿಟ್ಟು ನೋಡಿ. ಮೂತಿ ಮತ್ತು ಹಿಮ್ಮಡಿ ಮಾತ್ರ ನೆಲ ಮುಟ್ಟುತ್ತವೆ, ನಡುವೆ ಮೂರರಿಂದ ಐದು ಮಿಲಿಮೀಟರ್ ಸಂದು ಇರುತ್ತೆ. ನೇಗಿಲನ್ನು ಒಳಕ್ಕೆ ಎಳೆಯುವುದೇ ಆ ಸಂದು. ಅದು ಸವೆದುಹೋದ ಮೇಲೆ ನೀವು ಫ್ರೇಮಿನ ಮೇಲೆ ಕಲ್ಲು ಹೇರಿದರೂ ನೇಗಿಲು ತೇಲುತ್ತದೆ, ಡೀಸೆಲ್ ಮಾತ್ರ ಸುಡುತ್ತದೆ. ಹಳೇ ಗುಳಕ್ಕೆ ವೆಲ್ಡಿಂಗ್ ತುಂಬುವ ಬದಲು ಹೊಸ ಗುಳ ಹಾಕಿದೆವು. ಬೋಲ್ಟಿನ ತಲೆ ಗುಳದ ಮಟ್ಟಕ್ಕೇ ಕೂರಬೇಕು. ಉಬ್ಬಿದರೆ ಮಣ್ಣು ಕಚ್ಚುತ್ತೆ. ರೆಕ್ಕೆಯ ತುಕ್ಕನ್ನು ಉಜ್ಜಿ ಉಜ್ಜಿ ಬೆಳಗಿದೆವು, ಯಾಕೆಂದರೆ ತುಕ್ಕಿನ ರೆಕ್ಕೆಯ ಮೇಲೆ ಮಣ್ಣು ಜಾರುವುದಿಲ್ಲ.

ಇನ್ನು ಟ್ರಾಕ್ಟರಿಗೆ ಹೊಂದಿಸುವುದು. ಉಳುವಾಗ ಬಲಗಡೆಯ ಚಕ್ರ ಹಿಂದಿನ ಸಾಲಿನ ಒಳಗೆ ಓಡುತ್ತೆ, ಎಡಗಡೆಯದು ಉಳದ ನೆಲದ ಮೇಲೆ. ಅಂದರೆ ಟ್ರಾಕ್ಟರು ಬಲಕ್ಕೆ ವಾಲಿರುತ್ತೆ. ಹಾಗೆ ವಾಲಿದಾಗಲೂ ನೇಗಿಲು ಮಟ್ಟವಾಗಿರಬೇಕು. ಅದಕ್ಕೇ ಎಂಟು ಇಂಚು ಆಳ ಉಳಬೇಕಾದರೆ ಎಡಚಕ್ರಗಳನ್ನು ಎಂಟು ಇಂಚಿನ ಹಲಗೆಯ ಮೇಲೆ ಹತ್ತಿಸಿ ನಿಲ್ಲಿಸಿದೆವು. ಬಲಗಡೆಯ ಎತ್ತುಸರಳಿನ ಹಿಡಿ ತಿರುಗಿಸಿ ಫ್ರೇಮನ್ನು ಅಡ್ಡಡ್ಡ ಮಟ್ಟ ಮಾಡಿದೆವು. ಗಾರೆಯವನ ರಸಮಟ್ಟ ಇಟ್ಟು ನೋಡಿದೆವು. ಆಮೇಲೆ ಟಾಪ್ ಲಿಂಕ್ ತಿರುಗಿಸಿ ಉದ್ದುದ್ದ ಮಟ್ಟ. ಟಾಪ್ ಲಿಂಕ್ ತೀರಾ ಗಿಡ್ಡವಾದರೆ ಮುಂದಿನ ಗುಳ ಮೂತಿ ಊರಿ ಆಳಕ್ಕೆ ಹೋಗುತ್ತೆ, ಹಿಂದಿನದರ ಹಿಮ್ಮಡಿ ಮೇಲೆದ್ದು ನಿಲ್ಲುತ್ತೆ. ತೀರಾ ಉದ್ದವಾದರೆ ಹಿಮ್ಮಡಿ ನೆಲ ಉಜ್ಜುತ್ತೆ, ಮೂತಿ ಇಳಿಯುವುದೇ ಇಲ್ಲ. ಎರಡೂ ಕಡೆಯ ಟೈರಿನ ಗಾಳಿ ಒಂದೇ ಇರಬೇಕು. ಪಕ್ಕದ ಸರಪಳಿಗಳು ಉಳುವಾಗ ಸ್ವಲ್ಪ ಸಡಿಲ, ರಸ್ತೆಯಲ್ಲಿ ಹೋಗುವಾಗ ಬಿಗಿ.

ಆಯಿತು. ಇಷ್ಟೇ. ಎಲ್ಲಾದರೂ ಕನ್ನಡಕ್ಕೆ ಉಸಿರು ಕಟ್ಟಿತೇ?

ನಮ್ಮ ಎದುರು ಮನೆಯ ಎಂಬತ್ತು ದಾಟಿದ ಅಜ್ಜ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು. ಕೊನೆಗೆ ಒಂದೇ ಮಾತು ಹೇಳಿದರು: "ಅಲ್ರಪ್ಪಾ, ಇದು ನಾವು ಈಚು ನೊಗಕ್ಕೆ ಕಟ್ಟೋ ಮಿಣಿ ಹಿಂದೆ ಮುಂದೆ ಮಾಡ್ತಿದ್ದ ಲೆಕ್ಕಾನೇ ಅಲ್ವಾ?" ಅದೇ ಲೆಕ್ಕ ಅಜ್ಜ. ಎತ್ತಿನ ನೇಗಿಲಿನಲ್ಲಿ ಮಿಣಿಯನ್ನು ಸರಿಸಿ ಆಳ ಹೊಂದಿಸುತ್ತಿದ್ದರು, ಇಲ್ಲಿ ಟಾಪ್ ಲಿಂಕ್. ಜ್ಞಾನ ನಮ್ಮಲ್ಲಿತ್ತು. ಗುಳ, ಈಚು, ಮೇಳಿ, ಮಿಣಿ, ನೊಗ, ಕುಂಟೆ, ಕೂರಿಗೆ, ಹಲುಬೆ... ಹಳೇ ಮೈಸೂರಿನಲ್ಲಿ ನೇಗಿಲು, ಬಯಲುಸೀಮೆಯ ಕೆಲವು ಕಡೆ ಮಡಿಕೆ, ಉತ್ತರಕ್ಕೆ ಹೋದರೆ ರಂಟೆ. ಒಂದು ಸಾಮಾನಿಗೆ ಮೂರು ಹೆಸರಿದ್ದ ಭಾಷೆಗೆ ಇವತ್ತು ಒಂದು ಸ್ಟಿಕ್ಕರ್ ಇಲ್ಲ!

ನೇಗಿಲ ಕಾರ್ಖಾನೆಗೆ ಪತ್ರಿಕೆ ಇದ್ದ ಕಾಲ

ಇದು ಆಗದ ಕೆಲಸವೇನಲ್ಲ. ನೂರು ವರ್ಷದ ಹಿಂದೆಯೇ ಆಗಿದೆ, ಅದೂ ನಮ್ಮ ಮಣ್ಣಿನಲ್ಲಿ ಹುಟ್ಟಿದವರಿಂದಲೇ.

ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಕಬ್ಬಿಣದ ನೇಗಿಲು ಮಾಡಲು ಕೈಹಾಕಿದರು. ಕಬ್ಬಿಣ ನೆಲಕ್ಕೆ ವಿಷ ಅಂತ ರೈತರು ಹೆದರುತ್ತಿದ್ದ ಕಾಲ. ಮೊದಲ ನೇಗಿಲುಗಳು ಮಾರಾಟವಾಗಲು ವರ್ಷಗಳೇ ಹಿಡಿದವು. ಬೆಳಗಾವಿಯಲ್ಲಿ ಜಾಗ ಕಳೆದುಕೊಂಡು 1910ರಲ್ಲಿ ಔಂಧ್ ಸಂಸ್ಥಾನಕ್ಕೆ ಹೋಗಿ ಕಿರ್ಲೋಸ್ಕರವಾಡಿ ಕಟ್ಟಿದರು. ಈಗ ಅದು ಸಾಂಗ್ಲಿ ಜಿಲ್ಲೆಯಲ್ಲಿದೆ. 1920ರಲ್ಲಿ ಆ ಕಾರ್ಖಾನೆಯಿಂದ 'ಕಿರ್ಲೋಸ್ಕರ ಖಬರ್' ಅಂತ ಒಂದು ಪತ್ರಿಕೆ ಹೊರಟಿತು, ಮರಾಠಿಯಲ್ಲಿ. ಕಾರ್ಖಾನೆಯ ಸುದ್ದಿಪತ್ರವಾಗಿ ಹುಟ್ಟಿ, ಬೆಳೆದು, ಮರಾಠಿಯ ದೊಡ್ಡ ಮಾಸಪತ್ರಿಕೆಯೇ ಆಯಿತು.

ನಾನು ಅಚ್ಚಿನ ಕೆಲಸದವನು, ಇದನ್ನು ಓದಿದಾಗ ಎರಡು ದಿನ ನಿದ್ದೆ ಬರಲಿಲ್ಲ. ನೇಗಿಲು ಮಾಡುವವನು ಪತ್ರಿಕೆಯನ್ನೂ ಮಾಡಿದ! ಕಬ್ಬಿಣದ ಜೊತೆ ಅಕ್ಷರವನ್ನೂ ಎರಕ ಹೊಯ್ದ. ತನ್ನ ಜನರ ಭಾಷೆಯಲ್ಲಿ ಮಾತಾಡಿದ. ನೂರು ವರ್ಷದ ಹಿಂದೆ, ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಅದು ಆಯಿತು. ಇವತ್ತು ಗುಂಡಿ ಒತ್ತಿದರೆ ಕನ್ನಡ ಮೂಡುವ ಕಾಲದಲ್ಲಿ ಆಗೋದಿಲ್ಲವಂತೆ!

ಮರಾಠಿಗರನ್ನು ಬರೀ ಬೆಳಗಾವಿ ಜಗಳಕ್ಕೆ ನೆನೆಸಿಕೊಳ್ಳುವ ನಾವು ಇದನ್ನೂ ಸ್ವಲ್ಪ ಕಲಿಯಬೇಕು.

ದುಡ್ಡಿನ ಲೆಕ್ಕ ನನ್ನ ಹತ್ತಿರ ಕೇಳಿ

"ಕನ್ನಡದಲ್ಲಿ ಬೇರೆ ಅಚ್ಚು ಹಾಕಿಸಿದರೆ ಖರ್ಚು ಜಾಸ್ತಿ" ಅನ್ನೋದು ಕಂಪನಿಗಳ ಎರಡನೇ ನೆವ. ಈ ಲೆಕ್ಕ ನನ್ನ ಹೊಟ್ಟೆಪಾಡಿನ ಲೆಕ್ಕ, ನನ್ನ ಹತ್ತಿರ ಯಾರೂ ಸುಳ್ಳು ಹೇಳಲಾಗದು. ಹದಿನಾರು ಪುಟ, ಡೆಮಿ ಅಷ್ಟಪತ್ರ, ಒಂದೇ ಬಣ್ಣ, ಸೆಂಟರ್ ಪಿನ್. ಸಾವಿರ ಪ್ರತಿ ಹಾಕಿದರೆ ನನ್ನಂಥ ಸಣ್ಣ ಪ್ರೆಸ್ಸಿನಲ್ಲೂ ಒಂದು ಪುಸ್ತಿಕೆಗೆ ಇಪ್ಪತ್ತು ರೂಪಾಯಿ ದಾಟುವುದಿಲ್ಲ. ಹತ್ತು ಸಾವಿರ ಹಾಕಿದರೆ ಅರ್ಧಕ್ಕಿಳಿಯುತ್ತೆ. ಇವತ್ತು ಹೊಸ ಪಲ್ಟಿ ನೇಗಿಲಿನ ಬೆಲೆ ಲಕ್ಷದ ಲೆಕ್ಕದಲ್ಲಿದೆ. ಲಕ್ಷಕ್ಕೆ ಇಪ್ಪತ್ತು ರೂಪಾಯಿ! ನೇಗಿಲಿಗೆ ಬಳಿಯುವ ಬಣ್ಣದ ಡಬ್ಬಿಯಲ್ಲಿ ಉಳಿದು ಒಣಗುವ ಬಣ್ಣಕ್ಕೆ ಅದಕ್ಕಿಂತ ಜಾಸ್ತಿಯಾಗುತ್ತೆ.

ದುಡ್ಡಿಲ್ಲ ಅನ್ನೋದು ಸುಳ್ಳು, ಕನ್ನಡದಲ್ಲಿ ಆಗೋದಿಲ್ಲ ಅನ್ನೋದೂ ಸುಳ್ಳು. ಕೇಳುವವರಿಲ್ಲ ಅನ್ನೋದೇ ನಿಜ.

ಪಂಜಾಬಿನಲ್ಲೋ ಹರಿಯಾಣದಲ್ಲೋ ಆ ನೇಗಿಲು ಮಾಡಿದ ಕಮ್ಮಾರನ ಮೇಲೆ ನನಗೆ ಸಿಟ್ಟಿಲ್ಲ. ಬೆವರು ಸುರಿಸಿ ಗಟ್ಟಿ ನೇಗಿಲು ಮಾಡಿದ್ದಾನೆ, ಇಷ್ಟು ವರ್ಷ ತುಕ್ಕು ತಿಂದರೂ ಮತ್ತೆ ಎದ್ದು ನಿಂತಿತು. ಅವನಿಗೆ ನಮಸ್ಕಾರ. ಸಿಟ್ಟಿರುವುದು ನಮ್ಮ ದುಡ್ಡು ಮಾತ್ರ ಬೇಕು, ನಮ್ಮ ನುಡಿ ಬೇಡ ಅನ್ನುವ ವ್ಯಾಪಾರದ ಮೇಲೆ. ಅದಕ್ಕೆ ಕುಮ್ಮಕ್ಕು ಕೊಡುವ ಕಾನೂನಿನ ಮೇಲೆ.

ಕಾನೂನಿನ ಕಳ್ಳದಾರಿ

ಕಾನೂನು ಏನು ಹೇಳುತ್ತೆ? ಕೇಂದ್ರದ 2011ರ ಪೊಟ್ಟಣ ಸಾಮಗ್ರಿಗಳ ಕಾನೂನುಮಾಪನ ನಿಯಮ ನೋಡಿ. ಪೊಟ್ಟಣದ ಮೇಲಿನ ವಿವರ ದೇವನಾಗರಿಯ ಹಿಂದಿಯಲ್ಲಿರಬೇಕು, ಇಲ್ಲವೇ ಇಂಗ್ಲಿಷಿನಲ್ಲಿರಬೇಕು. ಬೇರೆ ಭಾಷೆ ಬೇಕಾದರೆ ಜೊತೆಗೆ ಹಾಕಿಕೊಳ್ಳಬಹುದು, ಯಾರೂ ತಡೆಯುವುದಿಲ್ಲ! ಎಂಥ ಔದಾರ್ಯ! ಸಂವಿಧಾನದ ಎಂಟನೇ ಅನುಸೂಚಿಯಲ್ಲಿ 22 ಭಾಷೆಗಳಿವೆ. ಊಟದ ಎಲೆಯ ಮುಂದೆ ಕೂರುವ ಹಕ್ಕು ಒಂದು ಭಾರತೀಯ ಭಾಷೆಗೆ, ಉಳಿದವು ಬಾಗಿಲ ಹೊರಗೆ ನಿಂತು ಕಾಯಬೇಕು. ಪೊಟ್ಟಣದ ಗಾಳಿ ಬೀಸಿದ ಕಡೆಗೇ ಸ್ಟಿಕ್ಕರೂ ವಾಲುತ್ತೆ, ಕೈಪಿಡಿಯೂ ವಾಲುತ್ತೆ.

ಹಾಗಾದರೆ ಕೇಂದ್ರಕ್ಕೆ ನಮ್ಮ ಭಾಷೆ ಹಾಕಿಸಲು ಬರುವುದೇ ಇಲ್ಲವೇ? ಬರುತ್ತೆ! 1971ರ ಕೀಟನಾಶಕ ನಿಯಮಗಳನ್ನು ತೆಗೆದು ನೋಡಿ. ಔಷಧಿಯ ಚೀಟಿ ಮತ್ತು ಒಳಗಿನ ಕರಪತ್ರ ಹಿಂದಿ, ಇಂಗ್ಲಿಷಿನ ಜೊತೆ ಅದು ಮಾರಾಟವಾಗುವ ಪ್ರದೇಶದ ಭಾಷೆಯಲ್ಲೂ ಇರಬೇಕು ಅಂತ ಅದರಲ್ಲಿ ಬರೆದಿದೆ. ಯಾಕೆ? ಓದಲು ಬಾರದೆ ರೈತ ಸಾಯಬಾರದು ಅಂತ. ಸರಿಯಾದ ಮಾತು. ವಿಷಕ್ಕೆ ಕನ್ನಡ ಬೇಕು ಅಂತ 1971ರಲ್ಲೇ ಹೊಳೆದವರಿಗೆ, ಕಾಲಿನ ಮೇಲೆ ಬೀಳುವ ಕಬ್ಬಿಣಕ್ಕೂ ಕನ್ನಡ ಬೇಕು ಅಂತ ಇಷ್ಟು ವರ್ಷವಾದರೂ ಹೊಳೆದಿಲ್ಲವೇ?

ಇನ್ನು ನಮ್ಮ ವಿಧಾನಸೌಧ. 'ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022' ಬಂತು. 2024ರಲ್ಲಿ ಅದನ್ನು ತಿದ್ದಿ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಅಂತ ಮಾಡಿದರು. ಅದೇ ಕಾನೂನಿನಲ್ಲಿ ಕರ್ನಾಟಕದಲ್ಲಿ ತಯಾರಾಗುವ ಸಾಮಾನಿನ ಮೇಲೆ ಹೆಸರು ಮತ್ತು ಬಳಸುವ ವಿಧಾನ ಕನ್ನಡದಲ್ಲೂ ಇರಬೇಕು ಅನ್ನುವ ಮಾತಿದೆ. 2025ರ ಫೆಬ್ರವರಿಯಲ್ಲಿ ಸರ್ಕಾರ ಅದನ್ನು ಆದೇಶದ ಮೂಲಕ ಮತ್ತೆ ಹೇಳಿತು. ಒಳ್ಳೆಯದು, ಚಪ್ಪಾಳೆ ಹೊಡೆಯೋಣ. ಆದರೆ ಕಣ್ಣು ಬಿಟ್ಟು ಓದಿ: ಕರ್ನಾಟಕದಲ್ಲಿ 'ತಯಾರಾಗುವ' ಸಾಮಾನು. ಕರ್ನಾಟಕದಲ್ಲಿ 'ಮಾರಾಟವಾಗುವ' ಸಾಮಾನಲ್ಲ. ಹೊರಗಿನಿಂದ ಲಾರಿಯಲ್ಲಿ ಬಂದಿಳಿಯುವ ನೇಗಿಲು, ರೋಟವೇಟರು, ಕಲ್ಟಿವೇಟರು ಈ ಕಾನೂನಿನ ತೆಕ್ಕೆಗೆ ಬರುವುದೇ ಇಲ್ಲ. ಅಂಗಡಿಯ ಬೋರ್ಡು ಶೇಕಡಾ 60 ಕನ್ನಡ, ಒಳಗಿರುವ ಸಾಮಾನು ಶೇಕಡಾ ಸೊನ್ನೆ!

ಹಾಗಂತ ಸರ್ಕಾರದ ಕೈ ಕಟ್ಟಿಹೋಗಿಲ್ಲ. ಕೃಷಿ ಯಂತ್ರಗಳಿಗೆ ಸಹಾಯಧನ ಕೊಡುವವರು ಯಾರು? ಆ ಸಹಾಯಧನದ ಪಟ್ಟಿಗೆ ಸೇರಲು ಕಂಪನಿಗಳು ಯಾರ ಬಾಗಿಲಿಗೆ ಬರುತ್ತವೆ? ನಮ್ಮ ಇಲಾಖೆಯ ಬಾಗಿಲಿಗೇ. ಒಂದು ಸಾಲಿನ ಷರತ್ತು ಸಾಕು: ಕನ್ನಡದ ಕೈಪಿಡಿ, ಕನ್ನಡದ ಎಚ್ಚರಿಕೆ ಚೀಟಿ ಇಲ್ಲದ ಯಂತ್ರಕ್ಕೆ ಸಹಾಯಧನ ಇಲ್ಲ. ಹೊಸ ಕಾನೂನು ಬೇಡ, ಹೊಸ ಸಮಿತಿ ಬೇಡ, ವಿದೇಶ ಪ್ರವಾಸ ಬೇಡ. ಒಂದು ಸಾಲು! ಬರೆಯುವ ಮನಸ್ಸಿರುವ ಒಬ್ಬ ಮಂತ್ರಿ, ಒಬ್ಬ ಅಧಿಕಾರಿ ಇಲ್ಲವೇ?

ಕೃಷಿ ವಿಶ್ವವಿದ್ಯಾಲಯಗಳಿಗೂ ಒಂದು ಮಾತು. ಬೆಂಗಳೂರಿನದು 1964ರಲ್ಲಿ, ಧಾರವಾಡದ್ದು 1986ರಲ್ಲಿ, ರಾಯಚೂರಿನದು 2009ರಲ್ಲಿ ಶುರುವಾದವು. ಕೃಷಿ ಎಂಜಿನಿಯರಿಂಗ್ ಓದಿದವರು ಅಲ್ಲಿದ್ದಾರೆ, ಕನ್ನಡ ಬಲ್ಲವರೂ ಅಲ್ಲಿದ್ದಾರೆ. ಇವರಿಬ್ಬರನ್ನೂ ಒಂದು ಮೇಜಿಗೆ ಕೂರಿಸಿ, ಮೂರನೇ ಕುರ್ಚಿಯಲ್ಲಿ ನಮ್ಮ ವೆಲ್ಡಿಂಗ್ ಭಾಯಿಯನ್ನು ಕೂರಿಸಿ. ಒಂದೇ ವರ್ಷದಲ್ಲಿ ಎಲ್ಲ ಯಂತ್ರಗಳ ಕೈಪಿಡಿ ಸಿದ್ಧ. ಭಾಯಿಯ ಕುರ್ಚಿ ಮಾತ್ರ ಮರೆಯಬೇಡಿ. ಅವನಿಲ್ಲದಿದ್ದರೆ ಮತ್ತೆ 'ಊರ್ಧ್ವ ಸಂಯೋಜಕ ದಂಡ'ವೇ ಗತಿ!

ಮೊದಲ ಕಳ್ಳ ನಾನೇ

ಬೇರೆಯವರನ್ನು ಬೈದು ಮುಗಿಸಿದರೆ ಈ ಲೇಖನ ಪ್ರಾಮಾಣಿಕ ಆಗುವುದಿಲ್ಲ. ನನ್ನ ಪ್ರೆಸ್ಸಿನಲ್ಲಿ ವರ್ಷಗಟ್ಟಲೆ ಕೃಷಿ ಸಾಮಾನಿನ ಅಂಗಡಿಗಳಿಗೆ ಬಿಲ್ ಬುಕ್ಕು, ಗ್ಯಾರಂಟಿ ಕಾರ್ಡು, ಬಿಡಿಭಾಗಗಳ ಪಟ್ಟಿ ಅಚ್ಚು ಹಾಕಿದ್ದೇನೆ. ಎಲ್ಲಾ ಇಂಗ್ಲಿಷಿನಲ್ಲಿ. "ಇದನ್ನ ಕನ್ನಡದಲ್ಲೂ ಹಾಕೋಣವಾ ಅಣ್ಣ?" ಅಂತ ಒಂದು ದಿನ ಆ ಗಿರಾಕಿಯನ್ನು ಕೇಳಲಿಲ್ಲ. ಕಾಗದ ಮುಗಿದರೆ ಕಾಗದ ತಂದೆ, ಇಂಕು ಮುಗಿದರೆ ಇಂಕು ತಂದೆ. ನವೆಂಬರಿನಲ್ಲಿ ಬ್ಯಾನರು ಹಾಕಿ ಕನ್ನಡ ಸೇವೆ ಮಾಡಿದೆ ಅಂದುಕೊಂಡೆ. ನನ್ನ ಕೈಯಿಂದಲೇ ಹೊರಟ ಇಂಗ್ಲಿಷ್ ಕಾರ್ಡು ಯಾವ ರೈತನ ಮನೆಯ ಗೂಡಿನಲ್ಲಿ ಓದದೇ ಕೂತಿದೆಯೋ?

ಈಗ ತಿದ್ದಿಕೊಂಡಿದ್ದೇನೆ. ನೇಗಿಲು ಸರಿ ಮಾಡಿದ ಹದಿನೈದು ದಿನದ ಪಾಠವನ್ನೆಲ್ಲ ಹುಡುಗ ಮಂಚದ ಮೇಲೆ ಕೂತೇ ನೋಟ್ ಬುಕ್ಕಿನಲ್ಲಿ ಬರೆದ. ಚಿತ್ರವನ್ನೂ ಅವನೇ ಬಿಡಿಸಿದ. ನಾನು ಹದಿನಾರು ಪುಟದ ಪುಸ್ತಿಕೆ ಮಾಡಿ ಐನೂರು ಪ್ರತಿ ಹಾಕಿದೆ. ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಒಂದೇ ಮಾತು: 'ಎತ್ತಿದ ನೇಗಿಲ ಕೆಳಗೆ ಹೋಗಬೇಡಿ. ಎಂಜಿನ್ ನಿಂತಿದ್ದರೂ ನೇಗಿಲು ಇಳಿಯುತ್ತದೆ.' ನಮ್ಮ ಹೋಬಳಿಯ ಟ್ರಾಕ್ಟರುಗಳಿಗೆಲ್ಲ ಹಂಚಿದೆವು. ಡೀಲರ್ ಒಬ್ಬರು ಫೋನ್ ಮಾಡಿ "ಇನ್ನೂ ಇನ್ನೂರು ಕೊಡಿ, ಗಿರಾಕಿಗಳು ಕೇಳ್ತಾವ್ರೆ" ಅಂದರು. ಕೇಳುತ್ತಾರೆ ಸ್ವಾಮಿ! ಇದ್ದರೆ ತಾನೇ ಕೇಳೋದು!

ನೀವೇನು ಮಾಡಬೇಕು?

ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ನನ್ನ ಯುವ ಮಿತ್ರರೇ, "ನಮಗೂ ನೇಗಿಲಿಗೂ ಏನು ಸಂಬಂಧ" ಅನ್ನಬೇಡಿ. ನಿಮ್ಮಲ್ಲಿ ಬಹಳ ಜನರ ಅಪ್ಪನೋ, ದೊಡ್ಡಪ್ಪನೋ, ಸೋದರಮಾವನೋ ಇವತ್ತೂ ಊರಲ್ಲಿ ಇಂಥದ್ದೊಂದು ಸ್ಟಿಕ್ಕರಿನ ಮುಂದೆ ಕೂತಿದ್ದಾರೆ. ಅವರು ಫೋಟೋ ಕಳಿಸಿ "ಇದರಲ್ಲಿ ಏನು ಬರೆದವ್ರೆ" ಅಂತ ಕೇಳುವುದು ನಿಮ್ಮನ್ನೇ. ಅವತ್ತು 'ನಾಳೆ' ಅನ್ನಬೇಡಿ. ನಾನು ಅಂದು ಅನುಭವಿಸಿದ್ದೇನೆ.

ಮುಂದಿನ ಸಲ ಊರಿಗೆ ಹೋದಾಗ ಒಂದು ಯಂತ್ರ ಆರಿಸಿಕೊಳ್ಳಿ. ಪಂಪ್‌ಸೆಟ್ಟು, ಸ್ಪ್ರೇಯರು, ರಾಗಿ ಮಿಲ್ಲು, ಯಾವುದಾದರೂ ಸರಿ. ಅದರ ಎಚ್ಚರಿಕೆಯ ಮಾತುಗಳನ್ನು ಕನ್ನಡದಲ್ಲಿ ಬರೆದು ಅದರ ಮೇಲೇ ಅಂಟಿಸಿ. ಅಲ್ಲಿಯ ಮೆಕ್ಯಾನಿಕ್ಕು ಆಡುವ ಮಾತನ್ನು ಬರೆದುಕೊಳ್ಳಿ, ಪಂಡಿತರ ಮಾತನ್ನಲ್ಲ. ಹೊಸ ಯಂತ್ರ ಕೊಳ್ಳುವಾಗ ಅಂಗಡಿಯಲ್ಲಿ ನಿಂತು ಕೇಳಿ: "ಕನ್ನಡದ ಪುಸ್ತಕ ಎಲ್ಲಿ?" ಗದ್ದಲ ಬೇಡ, ಕಲ್ಲು ಬೇಡ, ಗಾಜು ಒಡೆಯುವುದು ಬೇಡ. ಬಿಲ್ಲಿಗೆ ದುಡ್ಡು ಕೊಡುವ ಮುಂಚೆ ಆ ಒಂದು ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಜೇಬಿಗೆ ಕೈ ಹಾಕಬೇಡಿ. ದುಡ್ಡು ತಡವಾದರೆ ವ್ಯಾಪಾರಿಗೆ ಎಲ್ಲ ಭಾಷೆಯೂ ತಾನಾಗಿ ಬರುತ್ತೆ. ನಿಮ್ಮ ಶಾಸಕರಿಗೆ ಒಂದು ಕಾಗದ ಬರೆಯಿರಿ. ಸಹಾಯಧನದ ಆ ಒಂದು ಸಾಲಿನ ಷರತ್ತನ್ನು ಕೇಳಿ. ಬರೆದು ತಂದರೆ ಅಚ್ಚು ಹಾಕಿಕೊಡಲು ನಾನಿದ್ದೇನೆ, ಕಾಗದದ ಖರ್ಚು ಮಾತ್ರ ಕೊಡಿ, ಕೂಲಿ ಬೇಡ.

ಮೊನ್ನೆ ಮಳೆ ಬಿತ್ತು. ಮೂರನೇ ದಿನ ಹದಕ್ಕೆ ಸರಿಯಾಗಿ ಅಣ್ಣ ಹೊಲಕ್ಕಿಳಿದ. ಹುಡುಗ ಕುಂಟುತ್ತಾ ಬದುವಿನ ಮೇಲೆ ನಿಂತು ನೋಡುತ್ತಿದ್ದ. ಎರಡು ಸಾಲೂ ಒಂದೇ ಆಳ, ಮಣ್ಣು ರೆಕ್ಕೆಯ ಮೇಲಿಂದ ಜಾರಿ ಮಗುಚಿಕೊಂಡು ಬೀಳುತ್ತಿತ್ತು. ಫ್ರೇಮಿನ ಮೇಲೆ ಹಳೇ ಹಳದಿ ಸ್ಟಿಕ್ಕರಿನ ಪಕ್ಕದಲ್ಲೇ ನನ್ನ ಪ್ರೆಸ್ಸಿನ ಹೊಸ ಚೀಟಿ, ಕನ್ನಡದಲ್ಲಿ. ಸಂಜೆ ನೇಗಿಲನ್ನು ಮನೆಗೆ ತಂದಾಗ ಪಕ್ಕದ ಮನೆಯ ಅದೇ ಮಗು ಬಂದು, ಅಕ್ಷರಕ್ಕೆ ಅಕ್ಷರ ಕೂಡಿಸಿ ಜೋರಾಗಿ ಓದಿತು: "ಎತ್-ತಿ-ದ ನೇ-ಗಿ-ಲ ಕೆ-ಳ-ಗೆ..."

ಒಂದನೇ ಕ್ಲಾಸಿನ ಮಗು ಓದಿತು! ಇನ್ನೇನು ಬೇಕು ಪುರಾವೆ?

ನಾಡಿನ ಪ್ರತಿಯೊಂದು ನೇಗಿಲಿಗೂ ಕನ್ನಡ ಕಲಿಸೋಣ ಬನ್ನಿ.

ಸಿರಿಗನ್ನಡಂ ಗೆಲ್ಗೆ!